ಪ್ರಿನ್ಸೆಸ್ ಸ್ಟ್ರೀಟಿನಿಂದ ತಂದ ಭೌತವಿಜ್ಞಾನದ ಪೆಟ್ಟಿಗೆ: ಅದರ ಅಂಕಿಗಳನ್ನು ಎಷ್ಟು ನಂಬಬಹುದು?

ಮುಂಬಯಿಯಲ್ಲಿ ಶಾಲಾ ಪ್ರಯೋಗಾಲಯದ ಸಾಮಾನು ಬೇಕಾದವರು ಮರೀನ್ ಲೈನ್ಸ್ ನಿಲ್ದಾಣದಲ್ಲಿ ಇಳಿದು ಪ್ರಿನ್ಸೆಸ್ ಸ್ಟ್ರೀಟಿನತ್ತ ನಡೆಯುವುದು ಹಳೆಯ ರೂಢಿ. ಆ ರಸ್ತೆಗೆ ಶಾಮಲದಾಸ್ ಗಾಂಧಿ ಮಾರ್ಗವೆಂದು ಹೆಸರಿಟ್ಟು ಎಷ್ಟೋ ಕಾಲವಾದರೂ ವ್ಯಾಪಾರಸ್ಥರ ಬಾಯಲ್ಲಿ ಅದು ಇಂದಿಗೂ ಪ್ರಿನ್ಸೆಸ್ ಸ್ಟ್ರೀಟೇ. ಅಲ್ಲಿಯ ಒಂದು ಅಂಗಡಿಯಿಂದ ನಮ್ಮ ಉಪನಗರದ ಕನ್ನಡ ಸಂಘದ ಭಾನುವಾರದ ವಿಜ್ಞಾನ ತರಗತಿಗೆಂದು ತಂದ ಪ್ರಯೋಗ ಪೆಟ್ಟಿಗೆಯೊಂದರ ವಿಮರ್ಶೆ ಇದು. ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಎಂದು ಮುಚ್ಚಳದ ಮೇಲೆ ಅಚ್ಚಾಗಿದೆ. ಅಳತೆ, ಚಲನೆ, ಉಷ್ಣ, ವಿದ್ಯುತ್ತು ಮತ್ತು ಬೆಳಕು ಎಂಬ ಐದು ಖಾನೆಗಳಿವೆ. ಬೆಲೆ ಐದು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಶಾಲಾ ಉಪಕರಣಗಳ ತಯಾರಿಕೆಗೆ ಹೆಸರಾದ ಹರಿಯಾಣದ ಅಂಬಾಲಾದಿಂದ ಬಂದ ಸಾಮಾನು ಇದು. ಇದೇ ಮಾಲು ಬೇರೆ ಬೇರೆ ಚೀಟಿ ಅಂಟಿಸಿಕೊಂಡು ಹಲವು ಅಂಗಡಿಗಳಲ್ಲಿ ಮಾರಾಟವಾಗುವುದರಿಂದ ತಯಾರಕರ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಹೇಳುವ ಅಗತ್ಯ ಕಾಣಲಿಲ್ಲ.

ಪೆಟ್ಟಿಗೆಯನ್ನು ಪರೀಕ್ಷಿಸುವಾಗ ನಾನು ಇಟ್ಟುಕೊಂಡ ಒರೆಗಲ್ಲು ಒಂದೇ: ಈ ಉಪಕರಣ ಒಂದು ಅಂಕಿಯನ್ನು ಕೊಡುತ್ತದೆಯೇ, ಕೊಟ್ಟರೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ನೋಡಿ ಬೆರಗಾಗುವ ಪ್ರಯೋಗಗಳಿಗೆ ಹಣ ಕೊಟ್ಟು ಪೆಟ್ಟಿಗೆ ತರಬೇಕಾದದ್ದೇನೂ ಇಲ್ಲ. ಕಸದಿಂದಲೇ ವಿಜ್ಞಾನದ ಆಟಿಕೆಗಳನ್ನು ಮಾಡಬಹುದೆಂದು ಪುಣೆಯ ಆಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿದ್ದಾಗ ಅರವಿಂದ ಗುಪ್ತಾ ಅವರು ವರ್ಷಗಟ್ಟಲೆ ತೋರಿಸಿದ್ದಾರೆ. ದೊಡ್ಡ ಪ್ರಮಾಣದಲ್ಲಿ ನೋಡಬೇಕೆನ್ನುವವರಿಗೆ ವರ್ಲಿಯ ನೆಹರೂ ವಿಜ್ಞಾನ ಕೇಂದ್ರ 1985ರಿಂದ ತೆರೆದೇ ಇದೆ. ಇವೆರಡರಿಂದಲೂ ದೊರೆಯದೆ ಉಳಿಯುವುದು, ಮಗು ತಾನೇ ಕೈಯಾರೆ ಅಳೆದು, ಬಂದ ಅಂಕಿಯನ್ನು ಸಂಶಯದಿಂದ ನೋಡಿ, ಮತ್ತೊಮ್ಮೆ ಅಳೆಯುವ ಅಭ್ಯಾಸ. ಆ ಅಭ್ಯಾಸಕ್ಕೆ ಪೆಟ್ಟಿಗೆಯ ಸಾಮಾನು ಬಹುಮಟ್ಟಿಗೆ ಯೋಗ್ಯವಾಗಿದೆ; ಆದರೆ ಜೊತೆಗೆ ಕೊಟ್ಟಿರುವ ಕೈಪಿಡಿ ಅದಕ್ಕೆ ಅಡ್ಡಗಾಲು ಹಾಕುತ್ತದೆ ಎಂಬುದೇ ನನ್ನ ಒಟ್ಟು ಅಭಿಪ್ರಾಯ.

ಅಳತೆಯ ಖಾನೆಯಿಂದ ಆರಂಭಿಸುತ್ತೇನೆ. ವರ್ನಿಯರ್ ಕ್ಯಾಲಿಪರ್ ಉಕ್ಕಿನದು. ದವಡೆಗಳನ್ನು ಕೂಡಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣುವುದಿಲ್ಲ, ಅಂದರೆ ಅವು ಸಮನಾಗಿ ಕೂಡುತ್ತವೆ. ಮುಖ್ಯ ಪಟ್ಟಿಯ 49 ಮಿ.ಮೀ. ಉದ್ದವನ್ನು ಜಾರುಪಟ್ಟಿಯಲ್ಲಿ 50 ಭಾಗ ಮಾಡಿರುವುದರಿಂದ ಇದರ ಲೀಸ್ಟ್ ಕೌಂಟ್, ಅಂದರೆ ಇದು ಅಳೆಯಬಲ್ಲ ಅತಿ ಚಿಕ್ಕ ಉದ್ದ, 0.02 ಮಿ.ಮೀ. ಫ್ರಾನ್ಸಿನ ಪಿಯರ್ ವರ್ನಿಯೇ 1631ರಲ್ಲಿ ಪ್ರಕಟಿಸಿದ ಈ ಉಪಾಯ ಇಂದಿಗೂ ಬ್ಯಾಟರಿಯ ಹಂಗಿಲ್ಲದೆ ಕೆಲಸ ಮಾಡುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಉಪಕರಣದ ಸತ್ಯಾಸತ್ಯತೆಯನ್ನು ನೋಡಲು ಬೇರೆ ಪ್ರಮಾಣ ವಸ್ತು ಬೇಕಾಗಲಿಲ್ಲ. ಹತ್ತು ರೂಪಾಯಿಯ ನಾಣ್ಯದ ವ್ಯಾಸ 27 ಮಿ.ಮೀ. ಎಂದು ನಿಗದಿಯಾಗಿರುವುದರಿಂದ ಯಾರ ಜೇಬಿನಲ್ಲಾದರೂ ಅದು ಸಿಗುತ್ತದೆ. ಬೇರೆ ಬೇರೆ ಮಕ್ಕಳು ಅಳೆದಾಗ ಬಂದ ಅಂಕಿಗಳು 26.96ರಿಂದ 27.02ರ ನಡುವೆ ಇದ್ದವು. ಚಲಾವಣೆಯಲ್ಲಿ ಸವೆದ ನಾಣ್ಯಕ್ಕೆ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ಸ್ಕ್ರೂ ಗೇಜ್ ಕೂಡ ಒಳ್ಳೆಯದೇ, ಆದರೆ ಅದರಲ್ಲಿ 0.03 ಮಿ.ಮೀ. ಶೂನ್ಯ ದೋಷವಿದೆ: ಏನೂ ಹಿಡಿಯದೆ ಪೂರ್ತಿ ಮುಚ್ಚಿದರೂ ಅದು ಸೊನ್ನೆಯ ಬದಲು ಮೂರನೆಯ ಗೆರೆಯನ್ನು ತೋರಿಸುತ್ತದೆ. ಇದು ದೂರಬೇಕಾದ ವಿಷಯವಲ್ಲ. ಶೂನ್ಯ ದೋಷವನ್ನು ಕಳೆದು ಅಳೆಯುವುದನ್ನು ಕಲಿಸಲು ಇಂಥ ಉಪಕರಣವೇ ಬೇಕು. ದೂರಬೇಕಾದದ್ದು, ಕೈಪಿಡಿಯಲ್ಲಿ ಶೂನ್ಯ ದೋಷದ ಪ್ರಸ್ತಾಪ ಕೊನೆಯ ಪುಟದ ಸಣ್ಣಕ್ಷರದ ಟಿಪ್ಪಣಿಯಲ್ಲಿ ಮಾತ್ರ ಬಂದಿದೆ ಎಂಬುದನ್ನು. ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಉಕ್ಕಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ 30 ಸೆಂ.ಮೀ.ಗೆ ಬರುವ ಹೊತ್ತಿಗೆ ಅರ್ಧ ಮಿಲಿಮೀಟರ್ ಹಿಂದೆ ಬಿದ್ದಿರುತ್ತದೆ. ಸ್ಪ್ರಿಂಗ್ ತಕ್ಕಡಿ ಸಾಧಾರಣ. ಸುಮಾರು 7.7 ಗ್ರಾಂ ತೂಗುವ ಹತ್ತರ ನಾಣ್ಯಗಳನ್ನು ಹತ್ತು ಸೇರಿಸಿ ಪೊಟ್ಟಣ ಕಟ್ಟಿ ತೂಗಹಾಕಿದರೆ ಮುಳ್ಳು 80ರ ಗೆರೆಗೆ ಸ್ವಲ್ಪ ಮೊದಲು ನಿಲ್ಲುತ್ತದೆ. ಹತ್ತು ಗ್ರಾಂಗೆ ಒಂದು ಗೆರೆಯಿರುವ ತಕ್ಕಡಿಯಿಂದ ಅಷ್ಟು ಸಾಕು.

ಚಲನೆಯ ಖಾನೆಯಲ್ಲಿ ಎಲ್ಲಕ್ಕಿಂತ ಮೇಲಾದದ್ದು ಸರಳ ಲೋಲಕ. ಹಿತ್ತಾಳೆಯ ಗುಂಡು, ಹಿಗ್ಗದ ಹತ್ತಿಯ ದಾರ, ಮೇಜಿನ ಅಂಚಿಗೆ ಬಿಗಿಯುವ ಕ್ಲಾಂಪು, ದಾರವನ್ನು ಕಚ್ಚಿ ಹಿಡಿಯಲು ಉದ್ದಕ್ಕೆ ಸೀಳಿದ ಒಂದು ಕಾರ್ಕು. ಈ ಸೀಳಿದ ಕಾರ್ಕನ್ನು ಕೊಟ್ಟವರಿಗೆ ಪ್ರಯೋಗದ ಮರ್ಮ ಗೊತ್ತಿದೆ ಎನ್ನಬೇಕು, ಏಕೆಂದರೆ ದಾರವನ್ನು ಕಂಬಿಗೆ ಗಂಟು ಹಾಕಿದರೆ ಗುಂಡು ತೂಗುವಾಗ ಗಂಟು ಹೊರಳಿ ಲೋಲಕದ ಉದ್ದವೇ ಬದಲಾಗುತ್ತಿರುತ್ತದೆ. ಕಾರ್ಕಿನ ಸೀಳಿನ ಅಂಚಿನಲ್ಲಾದರೆ ತೂಗುವ ಬಿಂದು ಕದಲದೆ ನಿಲ್ಲುತ್ತದೆ. ಆ ಬಿಂದುವಿನಿಂದ ಗುಂಡಿನ ಕೇಂದ್ರದವರೆಗೆ ಸರಿಯಾಗಿ ಒಂದು ಮೀಟರ್ ಇಟ್ಟು, ಗುಂಡನ್ನು ಐದಾರು ಡಿಗ್ರಿಗಿಂತ ಹೆಚ್ಚು ಎಳೆಯದೆ ಬಿಟ್ಟು, 20 ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದೆವು. ಮುಂಬಯಿಯ ಅಕ್ಷಾಂಶದಲ್ಲಿ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 9.786 ಮೀಟರ್ ಇರುವುದರಿಂದ ಈ ಕಾಲ 40.17 ಸೆಕೆಂಡು ಬರಬೇಕು. ಮಕ್ಕಳಿಗೆ ಬಂದ ಕಾಲಗಳು 40.0ರಿಂದ 40.4ರವರೆಗೆ ಹರಡಿದ್ದವು, ಅವುಗಳಿಂದ ಲೆಕ್ಕ ಹಾಕಿದರೆ ಗುರುತ್ವದ ಬೆಲೆ 9.87ರಿಂದ 9.68ರವರೆಗೆ, ಅಂದರೆ ಶೇಕಡಾ ಒಂದರ ಆಸುಪಾಸಿನ ತಪ್ಪಿನೊಳಗೆ ದೊರೆಯುತ್ತದೆ. ಒಂದು ದಾರ ಮತ್ತು ಒಂದು ಗುಂಡಿನಿಂದ ಭೂಮಿಯ ಸೆಳೆತವನ್ನು ಶೇಕಡಾ ಒಂದರ ಆಸುಪಾಸಿನ ತಪ್ಪಿನಲ್ಲಿ ಅಳೆಯಬಹುದು ಎಂಬುದು ಪೆಟ್ಟಿಗೆಯ ಅರ್ಧ ಬೆಲೆಗೆ ಸಾಟಿಯಾದ ಮಾತು.

ಆದರೆ ಕೈಪಿಡಿ ಹೇಳುವುದು ಐದು ಆಂದೋಲನಗಳನ್ನು ಅಳೆಯಿರಿ ಎಂದು. ಗುಂಡು ನಡುಗೆರೆ ದಾಟಿದ್ದನ್ನು ಕಣ್ಣು ಕಂಡು ಬೆರಳು ಗುಂಡಿಯೊತ್ತುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗ ಕಳೆದಿರುತ್ತದೆ. ಐದು ಆಂದೋಲನಗಳ ಹತ್ತು ಸೆಕೆಂಡಿನಲ್ಲಿ ಅಷ್ಟು ತಪ್ಪು ನುಸುಳಿದರೆ ಅದು ಶೇಕಡಾ 2. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಗುರುತ್ವದ ಬೆಲೆಯಲ್ಲಿ ಶೇಕಡಾ 4. ಇಪ್ಪತ್ತು ಎಣಿಸಿದರೆ ಅದೇ ತಪ್ಪು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಹೀಗೆ ಹೆಚ್ಚು ಆಂದೋಲನ ಎಣಿಸಿದಷ್ಟೂ ಬೆರಳಿನ ತಡ ಹಂಚಿಹೋಗುತ್ತದೆ ಎಂಬುದೇ ಈ ಪ್ರಯೋಗದ ಸತ್ವ, ಕೈಪಿಡಿ ಅದನ್ನು ಬಿಟ್ಟುಬಿಟ್ಟಿದೆ. ಅದಕ್ಕಿಂತ ಕೆಟ್ಟದ್ದು, ಫಲಿತಾಂಶದ ಸಾಲಿನಲ್ಲಿ '9.8' ಎಂದು ಮೊದಲೇ ಅಚ್ಚು ಹಾಕಿರುವುದು. ಉತ್ತರ ಕಣ್ಣೆದುರಿಗೇ ಇರುವಾಗ ಮಗು ಸ್ಟಾಪ್‌ವಾಚ್ ನೋಡುವುದಿಲ್ಲ, ಲೆಕ್ಕವನ್ನು ಉತ್ತರಕ್ಕೆ ಹೊಂದಿಸುತ್ತದೆ. ಸಮಭಾಜಕ ವೃತ್ತದಲ್ಲಿ 9.780, ಧ್ರುವದಲ್ಲಿ 9.832 ಇರುವ ಬೆಲೆಯನ್ನು ಎಲ್ಲ ಊರಿಗೂ ಒಂದೇ ಅಂಕಿಯಾಗಿ ಕೊಡುವ ಬದಲು ಆ ಜಾಗವನ್ನು ಖಾಲಿ ಬಿಟ್ಟಿದ್ದರೆ ಚೆನ್ನಾಗಿತ್ತು.

ಇಳಿಜಾರಿನ ಪ್ರಯೋಗದಲ್ಲಿ ಕೈಪಿಡಿಯ ತಪ್ಪು ಇನ್ನೂ ಗಂಭೀರವಾದದ್ದು. ಪೆಟ್ಟಿಗೆಯಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಉದ್ದದ ಅಲ್ಯೂಮಿನಿಯಂ ತೋಡು ಮತ್ತು ಉಕ್ಕಿನ ಗುಂಡು ಇವೆ. ತೋಡನ್ನು 5 ಡಿಗ್ರಿ ಓರೆಯಾಗಿಟ್ಟು ಗುಂಡನ್ನು ಬಿಟ್ಟರೆ ಅದರ ವೇಗೋತ್ಕರ್ಷ ಗುರುತ್ವ ಮತ್ತು ಕೋನದ ಸೈನ್‌ಗಳ ಗುಣಲಬ್ಧಕ್ಕೆ, ಅಂದರೆ 0.85ಕ್ಕೆ ಸಮನಾಗಬೇಕು ಎಂದು ಬರೆದಿದ್ದಾರೆ. ಹಾಗಿದ್ದರೆ ಒಂದು ಮೀಟರ್ ದಾಟಲು ಗುಂಡಿಗೆ 1.53 ಸೆಕೆಂಡು ಸಾಕು. ಎಷ್ಟು ಎಚ್ಚರದಿಂದ ಅಳೆದರೂ 1.8 ಸೆಕೆಂಡಿಗಿಂತ ಕಡಿಮೆ ಬರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಸ್ಟಾಪ್‌ವಾಚ್ ಕೆಟ್ಟಿದೆಯೋ, ಗುಂಡೇ ಸೋಮಾರಿಯೋ?" ಎಂದು ಕೇಳಿದಳು. ಎರಡೂ ಅಲ್ಲ. ಕೈಪಿಡಿಯ ಸೂತ್ರ ಘರ್ಷಣೆಯಿಲ್ಲದೆ ಜಾರುವ ವಸ್ತುವಿಗೆ ಅನ್ವಯಿಸುವಂಥದ್ದು, ಇಲ್ಲಿ ಗುಂಡು ಉರುಳುತ್ತಿದೆ. ಉರುಳುವ ಘನ ಗೋಳದ ಚಲನ ಶಕ್ತಿಯಲ್ಲಿ ಏಳರಲ್ಲಿ ಎರಡು ಪಾಲು ಅದು ತನ್ನ ಸುತ್ತ ತಾನು ತಿರುಗುವುದಕ್ಕೇ ಹೋಗುತ್ತದೆ. ಮುಂದಕ್ಕೆ ಹೋಗಲು ಉಳಿಯುವುದು ಐದು ಪಾಲು. ಆದ್ದರಿಂದ ಸಮತಟ್ಟಾದ ಹಲಗೆಯ ಮೇಲೆ ವೇಗೋತ್ಕರ್ಷ 0.85ರ ಏಳನೆಯ ಐದು ಭಾಗ, ಎಂದರೆ 0.61, ಕಾಲ 1.81 ಸೆಕೆಂಡು. ತೋಡಿನಲ್ಲಿ ಗುಂಡು ಎರಡು ಅಂಚುಗಳನ್ನು ಮುಟ್ಟಿಕೊಂಡು ಉರುಳುವುದರಿಂದ ವೇಗೋತ್ಕರ್ಷ ಇನ್ನೂ ಸ್ವಲ್ಪ ತಗ್ಗುತ್ತದೆ. ಮಕ್ಕಳು ಅಳೆದದ್ದೇ ಸರಿ, ಅಚ್ಚಾದದ್ದೇ ತಪ್ಪು. ಶೇಕಡಾ 29ರ ವ್ಯತ್ಯಾಸವನ್ನು 'ಪ್ರಯೋಗದ ದೋಷ' ಎಂದು ಬರೆಸಿ ಮುಂದೆ ಸಾಗುವ ಶಿಕ್ಷಕರಿದ್ದರೆ ಒಂದು ಒಳ್ಳೆಯ ಉಪಕರಣದಿಂದ ಮಕ್ಕಳು ತಮ್ಮ ಕೈಯನ್ನೇ ನಂಬಬಾರದೆಂದು ಕಲಿಯುತ್ತಾರೆ. ಗೆಲಿಲಿಯೋ ಇಳಿಜಾರಿನಲ್ಲಿ ಗುಂಡುರುಳಿಸಿದಾಗ ಅವನ ಬಳಿ ಸ್ಟಾಪ್‌ವಾಚ್ ಇರಲಿಲ್ಲ. ಪಾತ್ರೆಯ ಸಣ್ಣ ನಳಿಕೆಯಿಂದ ಹರಿದ ನೀರನ್ನು ತೂಗಿ ಕಾಲವನ್ನು ಹೋಲಿಸುತ್ತಿದ್ದ. ಅವನು ಹುಡುಕುತ್ತಿದ್ದುದು ದೂರಕ್ಕೂ ಕಾಲದ ವರ್ಗಕ್ಕೂ ಇರುವ ಅನುಪಾತವನ್ನು, ಅದು ಉರುಳುವ ಗುಂಡಿಗೂ ಸರಿಹೊಂದುತ್ತದೆ. ನಾವೂ ಕೈಪಿಡಿಯ ಸೂತ್ರವನ್ನು ಬದಿಗಿಟ್ಟು ಆ ಅನುಪಾತವನ್ನೇ ಪರೀಕ್ಷಿಸಿದೆವು. ಕಾಲು ಮೀಟರಿಗೆ ಹಿಡಿದ ಕಾಲದ ಎರಡರಷ್ಟು ಕಾಲ ಒಂದು ಮೀಟರಿಗೆ ಹಿಡಿಯಿತು.

ಕೈಪಿಡಿಯಲ್ಲಿ ಇಲ್ಲದ ಒಂದು ಬಳಕೆಯನ್ನೂ ಇಲ್ಲಿ ಹೇಳಬಹುದು. ಭಾನುವಾರ ಬೆಳಗಿನ ಖಾಲಿ ಲೋಕಲ್ ರೈಲಿನಲ್ಲಿ ಕೋನಮಾಪಕದ ನಡುಬಿಂದುವಿಗೆ ಲೋಲಕದ ಗುಂಡನ್ನು ದಾರದಿಂದ ಇಳಿಬಿಟ್ಟರೆ, ಗಾಡಿ ನಿಲ್ದಾಣ ಬಿಡುವಾಗ ದಾರ ಹಿಂದಕ್ಕೆ ವಾಲುತ್ತದೆ. ವಾಲಿದ ಕೋನ 3 ಡಿಗ್ರಿಯಾದರೆ ಗಾಡಿಯ ವೇಗೋತ್ಕರ್ಷ ಸುಮಾರು 0.5, ಎಂದರೆ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಅರ್ಧ ಮೀಟರಿನಷ್ಟು ವೇಗ ಏರುತ್ತಿದೆ. ಹಾಗೆ 20 ಸೆಕೆಂಡು ಸಾಗಿದರೆ ಗಂಟೆಗೆ 36 ಕಿ.ಮೀ. ಡೋಂಬಿವಲಿಯಿಂದ ದಾದರಿನವರೆಗೆ ನಿತ್ಯ ನಿಂತು ಹೋಗುವ ತಂದೆ ತಾಯಂದಿರಿಗೂ ಇದು ರುಚಿಸಿತು. ಜನಸಂದಣಿಯ ಹೊತ್ತಿನಲ್ಲಿ ಮಾತ್ರ ಬೇಡ.

ಉಷ್ಣದ ಖಾನೆ ನಿರಾಶೆಗೊಳಿಸುತ್ತದೆ. ಕೆಂಪು ಆಲ್ಕೊಹಾಲ್ ತುಂಬಿದ ಎರಡು ಥರ್ಮಾಮೀಟರುಗಳಿವೆ. ಎರಡನ್ನೂ ಒಟ್ಟಿಗೆ ಕರಗುತ್ತಿರುವ ಮಂಜುಗಡ್ಡೆಯ ಪುಡಿಯಲ್ಲಿಟ್ಟಾಗ ಒಂದು ಸೊನ್ನೆಯನ್ನೂ ಇನ್ನೊಂದು ಒಂದೂವರೆ ಡಿಗ್ರಿಯನ್ನೂ ತೋರಿಸಿತು. ಕುದಿಯುವ ನೀರಿನಲ್ಲಿ ಮೊದಲನೆಯದು 99, ಎರಡನೆಯದು 97. ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ತೋರಿಸುವ ಥರ್ಮಾಮೀಟರನ್ನು ಒಂದು ಸ್ಥಿರಾಂಕ ಕಳೆದು ಸರಿಪಡಿಸಲಾಗುವುದಿಲ್ಲ, ಎರಡು ಬಿಂದುಗಳನ್ನು ಜೋಡಿಸುವ ಗೆರೆಯನ್ನೇ ಗ್ರಾಫಿನಲ್ಲಿ ಎಳೆದಿಟ್ಟುಕೊಳ್ಳಬೇಕು. ಹತ್ತನೆಯ ತರಗತಿಯವರಿಂದ ಅದನ್ನೂ ಮಾಡಿಸಿದೆ, ಆದರೆ ಹಣ ಕೊಟ್ಟು ಕೊಂಡ ಸಾಮಾನಿನಲ್ಲಿ ಇದು ಬರಬಾರದಿತ್ತು. ಜೊತೆಗೆ, ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆಂದು ಕೈಪಿಡಿ ಯಾವ ಷರತ್ತೂ ಇಲ್ಲದೆ ಹೇಳುತ್ತದೆ. ಸಮುದ್ರಮಟ್ಟದ ಮುಂಬಯಿಯಲ್ಲಿ ಅದು ಹೆಚ್ಚುಕಡಿಮೆ ನಿಜವೇ; ಮಳೆಗಾಲದಲ್ಲಿ ವಾಯುಭಾರ 1,003 ಹೆಕ್ಟೊಪಾಸ್ಕಲ್‌ಗಳ ಸುತ್ತ ಇಳಿದಾಗಲೂ ಕುದಿಬಿಂದು ತಗ್ಗುವುದು ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ಮಾತ್ರ. ಆದರೆ 560 ಮೀಟರ್ ಎತ್ತರದ ಪುಣೆಯಲ್ಲಿ ನೀರು 98ರ ಆಸುಪಾಸಿನಲ್ಲೇ ಕುದಿಯುತ್ತದೆ. ಅಲ್ಲಿ ಇದೇ ಪೆಟ್ಟಿಗೆಯನ್ನು ಕೊಂಡವರು ಸರಿಯಾಗಿರುವ ಥರ್ಮಾಮೀಟರನ್ನು ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಿಯಾರು. ಕುದಿಬಿಂದು ವಾಯುಭಾರಕ್ಕೆ ತಕ್ಕಂತೆ ಬದಲಾಗುತ್ತದೆಂದು 1742ರಲ್ಲಿ ತನ್ನ ಮಾನವನ್ನು ಮುಂದಿಟ್ಟ ಸೆಲ್ಸಿಯಸ್‌ಗೇ ತಿಳಿದಿತ್ತು.

ಇದೇ ಖಾನೆಯ ಮಂಜುಗಡ್ಡೆಯ ಪ್ರಯೋಗ ಮಾತ್ರ, ಉಪಕರಣ ಅಪೂರ್ಣವಾಗಿದ್ದರೂ, ನಮ್ಮ ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆ ಹುಟ್ಟಿಸಿತು. ತಾಮ್ರದ ತೆಳು ಲೋಟದಲ್ಲಿ 30 ಡಿಗ್ರಿಯ 200 ಗ್ರಾಂ ನೀರು ತೆಗೆದುಕೊಂಡು ಅದಕ್ಕೆ ಸೊನ್ನೆ ಡಿಗ್ರಿಯ 50 ಗ್ರಾಂ ಮಂಜುಗಡ್ಡೆ ಹಾಕಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗಲು 334 ಜೂಲ್ ಗುಪ್ತೋಷ್ಣ ಬೇಕು, ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್, ಇವೆರಡು ಅಂಕಿಗಳಿಂದ ಲೆಕ್ಕ ಹಾಕಿದರೆ ಕೊನೆಯ ಉಷ್ಣತೆ ಸರಿಯಾಗಿ 8 ಡಿಗ್ರಿ. ಜುಲೈ ತಿಂಗಳ ಮುಂಬಯಿಯಲ್ಲಿ, ಸರಿಯಿದ್ದ ಥರ್ಮಾಮೀಟರಿನಲ್ಲೇ, ನಮಗೆ ಬಂದದ್ದು 11ಕ್ಕಿಂತ ಹೆಚ್ಚು. ಲೋಟಕ್ಕೆ ಕೊಡಬೇಕಾದ ಹೊರಕವಚವನ್ನು ತಯಾರಕರು ಉಳಿತಾಯ ಮಾಡಿರುವುದರಿಂದ ಹೊರಗಿನ ಶಾಖ ಒಳಬರುತ್ತದೆ ಎಂಬುದು ಒಂದು ಕಾರಣ. ಎರಡನೆಯದು ಒದ್ದೆ ಮಂಜುಗಡ್ಡೆ: ತೂಗಿದ 50 ಗ್ರಾಂನಲ್ಲಿ 5 ಗ್ರಾಂ ಆಗಲೇ ಕರಗಿದ ನೀರಾಗಿದ್ದರೆ ಉತ್ತರ 8ರಿಂದ 9.6ಕ್ಕೆ ಏರುತ್ತದೆ. ಮೂರನೆಯ ಕಾರಣ ಲೋಟದ ಹೊರಮೈಯಲ್ಲೇ ಕಣ್ಣಿಗೆ ಕಾಣುತ್ತಿತ್ತು. ತಣ್ಣಗಾದ ತಾಮ್ರದ ಮೇಲೆ ಮೊದಲು ಮಬ್ಬು ಕವಿದು, ಮಬ್ಬು ಹನಿಯಾಗಿ, ಹನಿಗಳು ಕೂಡಿ ಮೇಜಿನ ಮೇಲೆ ಒಂದು ಉಂಗುರ ಬಿದ್ದಿತು. ಆ ನೀರು ಲೋಟದೊಳಗಿಂದ ಬಂದದ್ದಲ್ಲ, ಮಳೆಗಾಲದ ಗಾಳಿಯ ಆವಿ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 2,450 ಜೂಲ್ ಶಾಖವನ್ನು ಬಿಟ್ಟುಕೊಡುತ್ತದೆ. ಅಷ್ಟು ಶಾಖ ಪೂರ್ತಿಯಾಗಿ ನಮ್ಮ 250 ಗ್ರಾಂ ನೀರನ್ನು ಸೇರಿದರೆ ಅದರ ಉಷ್ಣತೆ 2.3 ಡಿಗ್ರಿ ಏರುತ್ತದೆ. ಲೋಟವನ್ನು ಥರ್ಮೊಕೋಲ್ ಡಬ್ಬಿಯಲ್ಲಿಟ್ಟು, ಮಂಜುಗಡ್ಡೆಯನ್ನು ಒತ್ತುಕಾಗದದಲ್ಲಿ ಒರೆಸಿ ಬೇಗ ಬೇಗ ಹಾಕಿದಾಗ 9ರ ಹತ್ತಿರ ಬಂದೆವು. ಒಣಹವೆಯ ಊರಿನಲ್ಲಿ ಕುಳಿತು ಬರೆದ ಕೈಪಿಡಿಗೆ ಈ ಇಬ್ಬನಿಯ ಸುಳಿವೇ ಇಲ್ಲ.

ವಿದ್ಯುತ್ತಿನ ಖಾನೆಯಲ್ಲಿ ಮೀಟರುಗಳನ್ನು ಬಿಟ್ಟು ಉಳಿದದ್ದೆಲ್ಲ ಗಟ್ಟಿಯಾಗಿದೆ. ಮರದ ಹಲಗೆಯ ಮೇಲೆ ಒಂದು ಮೀಟರ್ ಉದ್ದದ 26 ಗೇಜಿನ ನೈಕ್ರೋಮ್ ತಂತಿಯನ್ನು ಬಿಗಿದಿದ್ದಾರೆ, ಪಕ್ಕದಲ್ಲಿ ಅಳತೆಯ ಗುರುತುಗಳಿವೆ. ತಂತಿಯ ದಪ್ಪವನ್ನು ಸ್ಕ್ರೂ ಗೇಜಿನಿಂದ ಅಳೆದರೆ ಶೂನ್ಯ ದೋಷ ಕಳೆದ ಮೇಲೆ 0.46 ಮಿ.ಮೀ.; ಅದರಿಂದ ಮೀಟರಿಗೆ 6.6 ಓಮ್ ರೋಧ ಬರಬೇಕು, ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದಾಗಲೂ ಅದರ ಹತ್ತಿರದ ಅಂಕಿಯೇ ಬಂತು. ಶೂನ್ಯ ದೋಷವನ್ನು ಮರೆತು 0.49 ಎಂದೇ ತೆಗೆದುಕೊಂಡರೆ, ಕ್ಷೇತ್ರಫಲದಲ್ಲಿ ದಪ್ಪದ ವರ್ಗವಿರುವುದರಿಂದ, ಶೇಕಡಾ 13ರಷ್ಟು ತಪ್ಪಾಗುತ್ತದೆ. ಒಂದು ಖಾನೆಯ ಉಪಕರಣ ಇನ್ನೊಂದು ಖಾನೆಯ ಪ್ರಯೋಗಕ್ಕೆ ಹೀಗೆ ನೆರವಾಗುವುದು ಈ ಪೆಟ್ಟಿಗೆಯಲ್ಲಿ ನನಗೆ ಬಹಳ ಮೆಚ್ಚುಗೆಯಾಯಿತು. ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ನೈಕ್ರೋಮ್ ತಂತಿಯಲ್ಲಿ ಪರೀಕ್ಷಿಸಿದ ಮೇಲೆ ಟಾರ್ಚಿನ ಬಲ್ಬನ್ನೂ ಅದೇ ರೀತಿ ಪರೀಕ್ಷಿಸಿ ಗ್ರಾಫ್ ಎಳೆಯಬೇಕು: ತಂತುವು ಕಾದಂತೆ ರೋಧ ಹಲವು ಪಟ್ಟು ಹೆಚ್ಚಾಗಿ ಗೆರೆ ಬಾಗುತ್ತದೆ. ಬಲ್ಬು ಪೆಟ್ಟಿಗೆಯಲ್ಲೇ ಇದ್ದರೂ ಕೈಪಿಡಿ ಅದನ್ನು ಉರಿಸಿ ನೋಡಿ ಎಂದಷ್ಟೇ ಹೇಳಿ ಕೈತೊಳೆದುಕೊಂಡಿದೆ.

ಮುಳ್ಳಿನ ಅಮ್ಮೀಟರು ಮತ್ತು ವೋಲ್ಟ್‌ಮೀಟರುಗಳಲ್ಲಿ, ಮುಳ್ಳನ್ನು ನೇರವಾಗಿ ನೋಡುತ್ತಿದ್ದೇವೆಯೇ ಎಂದು ತಿಳಿಯಲು ಅದರ ಹಿಂದೆ ಇರಬೇಕಾದ ಕನ್ನಡಿಪಟ್ಟಿ ಇಲ್ಲ. ಹೀಗಾಗಿ ಎಡಗಡೆ ಕುಳಿತವನಿಗೆ ಒಂದು ಅಂಕಿ, ಬಲಗಡೆಯವನಿಗೆ ಇನ್ನೊಂದು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಇವೆರಡರ ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಪೆಟ್ಟಿಗೆಯ ಎಲ್ಲ ಪ್ರಯೋಗಗಳೂ 1.5 ವೋಲ್ಟಿನ ಸೆಲ್ಲುಗಳಿಂದಲೇ ನಡೆಯುತ್ತವೆ. ಮನೆಯ 230 ವೋಲ್ಟಿನ ಪ್ಲಗ್ಗಿಗೆ ಯಾವುದನ್ನೂ ಜೋಡಿಸಬಾರದೆಂಬ ಎಚ್ಚರಿಕೆಯನ್ನು ಮುಚ್ಚಳದ ಒಳಬದಿಯಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿರುವುದು ಒಳ್ಳೆಯ ಕೆಲಸ.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪೀನ ಮಸೂರದ ಸಂಗಮ ದೂರ 10 ಸೆಂ.ಮೀ. ಎಂದು ಬರೆದಿದೆ, ಎದುರು ಕಟ್ಟಡದ ಕಿಟಕಿಗಳ ತಲೆಕೆಳಗಾದ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ ಅಳೆದರೆ 10.2. ಗಾಜಿನ ಇಟ್ಟಿಗೆ ಚೆನ್ನಾಗಿದೆ. ಗುಂಡುಸೂಜಿಗಳನ್ನು ಚುಚ್ಚಿ 45 ಡಿಗ್ರಿಯ ಪತನ ಕೋನಕ್ಕೆ ವಕ್ರೀಭವನ ಕೋನವನ್ನು ಅಳೆದಾಗ 28 ಬಂದರೆ ವಕ್ರೀಭವನ ಸೂಚ್ಯಂಕ 1.51, 29 ಬಂದರೆ 1.46. ಕೋನಮಾಪಕದಲ್ಲಿ ಒಂದು ಡಿಗ್ರಿ ತಪ್ಪಿದರೆ ಉತ್ತರ ಎಷ್ಟು ಜಾರುತ್ತದೆಂದು ತೋರಿಸಲು ಇಷ್ಟೇ ಸಾಕು. ಪ್ರಿಸಮ್ ಗಾಜಿನದ್ದಲ್ಲ, ಅಕ್ರಿಲಿಕ್. ಹೊಸದಾಗಿರುವಾಗಲೇ ಗೀರುಗಳಿದ್ದವು, ಬಣ್ಣಗಳು ಬರುತ್ತವೆ, ಆದರೆ ಅಳೆಯಲು ಅದು ಉಪಯೋಗಕ್ಕಿಲ್ಲ.

ಲೇಸರ್ ಪಾಯಿಂಟರನ್ನು ನಾನು ಪೆಟ್ಟಿಗೆಯಿಂದ ಹೊರಗೆ ತೆಗೆದಿಟ್ಟಿದ್ದೇನೆ. ಅದರ ಮೇಲೆ ತರಂಗಾಂತರವನ್ನಾಗಲಿ ಶಕ್ತಿಯ ವರ್ಗವನ್ನಾಗಲಿ ಬರೆದಿಲ್ಲ. ಒಂದು ಮಿಲಿವ್ಯಾಟಿನೊಳಗಿನ ಎರಡನೆಯ ವರ್ಗದ ಲೇಸರ್ ಅಚಾನಕ್ಕಾಗಿ ಕಣ್ಣಿಗೆ ಬಿದ್ದರೆ ರೆಪ್ಪೆ ಮುಚ್ಚುವಷ್ಟರಲ್ಲಿ ಸಾಮಾನ್ಯವಾಗಿ ಅಪಾಯವಾಗುವುದಿಲ್ಲ. ಅದಕ್ಕಿಂತ ಪ್ರಬಲವಾದವುಗಳ ಬಗ್ಗೆ ಆ ಭರವಸೆ ಇಲ್ಲ. ಚೀಟಿಯಿಲ್ಲದ ಲೇಸರನ್ನು ಮಕ್ಕಳ ಪೆಟ್ಟಿಗೆಯಲ್ಲಿ ಇಡುವುದು ಬೇಜವಾಬ್ದಾರಿ. ಶಕ್ತಿಯ ವರ್ಗವನ್ನೂ 650 ನ್ಯಾನೊಮೀಟರ್ ಎಂಬ ಗುರುತನ್ನೂ ಸರಿಯಾಗಿ ನಮೂದಿಸಿದ ಕೆಂಪು ಪಾಯಿಂಟರ್ ನಿಮ್ಮಲ್ಲಿದ್ದರೆ, ಹಳೆಯ ಸಿ.ಡಿ.ಯ ಮೇಲೆ ಅದನ್ನು ನೇರವಾಗಿ ಬೀಳಿಸಿ, ಶಿಕ್ಷಕರೇ ಕೈಯಲ್ಲಿ ಹಿಡಿದು, ತರಂಗಾಂತರವನ್ನು ಅಳೆಯಿಸಬಹುದು. ಸಿ.ಡಿ.ಯ ಜಾಡುಗಳ ನಡುವಣ ಅಂತರ 1.6 ಮೈಕ್ರೊಮೀಟರ್ ಆಗಿರುವುದರಿಂದ ನೇರವಾಗಿ ಮರಳುವ ಕಿರಣದ ಪಕ್ಕದ ಮೊದಲ ಚುಕ್ಕೆ ಅದರಿಂದ 24 ಡಿಗ್ರಿಯಲ್ಲಿ ಕಾಣಬೇಕು.

ಕೈಪಿಡಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ನಮ್ಮ ತರಗತಿಗೆ ಬರುವವರು ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಓದುವ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಮಕ್ಕಳು. ಅವರಿಗಾಗಿ ಕನ್ನಡದಲ್ಲಿ ಬೇರೆ ಹಾಳೆಗಳನ್ನು ಸಿದ್ಧಪಡಿಸಿ, ಪ್ರತಿ ಪ್ರಯೋಗಕ್ಕೂ ಬರಬೇಕಾದ ಉತ್ತರದ ಬದಲು 'ಹೆಚ್ಚೆಂದರೆ ಎಷ್ಟು, ಕಡಿಮೆಯೆಂದರೆ ಎಷ್ಟು' ಎಂಬ ಎರಡು ಖಾಲಿ ಚೌಕಗಳನ್ನು ಇಟ್ಟೆವು. ಆ ಬಳಿಕ ಮೂಲ ಕೈಪಿಡಿಯನ್ನು ಯಾರೂ ಕೇಳಲಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ, ಕ್ಯಾಲಿಪರ್, ಸ್ಕ್ರೂ ಗೇಜ್, ಲೋಲಕ, ತೋಡು, ನೈಕ್ರೋಮ್ ಹಲಗೆ, ಮಸೂರ ಮತ್ತು ಗಾಜಿನ ಇಟ್ಟಿಗೆಗಳನ್ನು ಅದೇ ಬೀದಿಯಲ್ಲಿ ಬಿಡಿಯಾಗಿ ಕೊಂಡರೂ ಸುಮಾರು ಇಷ್ಟೇ ಆಗುತ್ತದೆ. ಹಾಗಾಗಿ ಹತ್ತು ಹದಿನೈದು ಮಕ್ಕಳಿರುವ ಸಂಘಕ್ಕೋ ರಾತ್ರಿಶಾಲೆಗೋ ಪೆಟ್ಟಿಗೆ ನಷ್ಟದ ಬಾಬತ್ತಲ್ಲ. ಒಂದೇ ಮಗುವಿರುವ ಮನೆಗೆ ಲೋಲಕ, ಕ್ಯಾಲಿಪರ್ ಮತ್ತು ಒಂದು ಮಲ್ಟಿಮೀಟರ್ ಸಾಕು. ಥರ್ಮಾಮೀಟರನ್ನು ಬದಲಿಸಿಕೊಡಿ ಎಂದು ಕೇಳಿದಾಗ ಅಂಗಡಿಯ ಸೇಠರು ತಕರಾರಿಲ್ಲದೆ ಡ್ರಾಯರು ಎಳೆದು, ಇದ್ದಬದ್ದವನ್ನೆಲ್ಲ ಕೌಂಟರಿನ ಮೇಲೆ ಸಾಲಾಗಿ ಮಲಗಿಸಿದರು. ಅಂಗಡಿಯ ಸೆಕೆಗೆ ಅವುಗಳಲ್ಲಿ ಹೆಚ್ಚಿನವು 31ರಲ್ಲಿ ನಿಂತಿದ್ದವು, ಕೆಲವು 30, ಒಂದು ಮಾತ್ರ 33. ಕೊಳ್ಳುವವರು ಹೀಗೆ ಸಾಲಿಗಿಟ್ಟು ಬಹುಮತದ ಜೊತೆಗಿರುವುದನ್ನು ಆರಿಸಿಕೊಳ್ಳಬಹುದು. ಸಂಜೆ ಗಿರಾಕಿಗಳ ನೂಕುನುಗ್ಗಲು ಆರಂಭವಾಗುವ ಮೊದಲು ಹೋದರೆ ಸೇಠರು ಅದಕ್ಕೆ ಬೇಸರಿಸುವುದಿಲ್ಲ.